ಲೆಕ್ಕ ತಾಳೆಗೆ ಲಿನಕ್ಸ್ ಕಿರುಸಾಧನಗಳು: ತಯಾರಿಕೆ, ಬಳಕೆ ಮತ್ತು ಎಚ್ಚರಿಕೆ

ಸರಕು ಮತ್ತು ಸೇವಾ ತೆರಿಗೆಯ ಮಾಸಿಕ ವಿವರಪಟ್ಟಿ ಸಲ್ಲಿಸುವ ವರ್ತಕರಿಗೆ ಪ್ರತಿ ತಿಂಗಳ 14ರಿಂದ 20ನೇ ತಾರೀಖಿನವರೆಗೆ ಬಿಡುವೆಂಬುದು ಇರುವುದಿಲ್ಲ. 14ರಂದು ಜಿಎಸ್‌ಟಿಆರ್-2ಬಿ ಪಟ್ಟಿ ಇಲಾಖೆಯ ಜಾಲತಾಣದಲ್ಲಿ ಸಿದ್ಧವಾಗುತ್ತದೆ. 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಪಾವತಿಸಬೇಕಾಗುತ್ತದೆ. ಈ ಕಡಿಮೆ ಅವಧಿಯಲ್ಲಿ ನಮ್ಮ ಖರೀದಿ ವಹಿಯನ್ನು 2ಬಿ ಪಟ್ಟಿಯೊಡನೆ ತಾಳೆ ನೋಡುವ ಹೊಣೆ ವರ್ತಕನದೇ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 16(2)(ಎಎ) ಕಲಮು 2022ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ, ಮಾರಾಟಗಾರನು ತನ್ನ ವಿವರಪಟ್ಟಿಯಲ್ಲಿ ತೋರಿಸದ ಬಿಲ್ಲಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಕೈಯಲ್ಲಿ ಬಿಲ್ಲಿದ್ದರೂ, ಹಣ ಕೊಟ್ಟಿದ್ದರೂ, ಸರಕು ಗೋದಾಮಿಗೆ ಬಂದಿದ್ದರೂ ಇದೇ ನಿಯಮ.

ಈ ತಾಳೆಯನ್ನು ಇಂದಿಗೂ ಅನೇಕ ಅಂಗಡಿ ಮತ್ತು ಕಾರ್ಖಾನೆಗಳಲ್ಲಿ ಎರಡು ಪಟ್ಟಿಗಳನ್ನು ಮುದ್ರಿಸಿಕೊಂಡು, ಸಾಲುಸಾಲಿಗೆ ಟಿಕ್ ಹಾಕುತ್ತಾ ಮಾಡುತ್ತಾರೆ. ಇನ್ನು ಕೆಲವರು ಒಟ್ಟು ಮೊತ್ತಗಳನ್ನು ಮಾತ್ರ ಹೋಲಿಸಿ ತೃಪ್ತರಾಗುತ್ತಾರೆ. ಮೊದಲನೆಯದು ಶ್ರಮದಾಯಕ, ಎರಡನೆಯದು ಅಪಾಯಕಾರಿ. ಲಿನಕ್ಸ್ ಹವ್ಯಾಸಿಗಳು ಬಹುಕಾಲದಿಂದ ತಮ್ಮ ಸ್ವಂತ ಅಗತ್ಯಕ್ಕಾಗಿ ಮಾಡಿಕೊಳ್ಳುತ್ತಿರುವ ಕಿರುಸಾಧನಗಳ ವಿಧಾನವು ಇಲ್ಲಿ ನಮಗೆ ನೆರವಾಗಬಲ್ಲದು. ಅಂತಹ ಸಾಧನಗಳನ್ನು ಹೇಗೆ ರಚಿಸಬಹುದು, ಅವುಗಳ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಿರುಸಾಧನ ಎಂದರೇನು?

ನಾವು ನಿತ್ಯ ಬಳಸುವ ತಂತ್ರಾಂಶಗಳಲ್ಲಿ ಚಿತ್ರಗಳು, ಗುಂಡಿಗಳು, ಕಿಟಕಿಗಳು ಇರುತ್ತವೆ. ಆಜ್ಞಾಸಾಲಿನಲ್ಲಿ ಇವು ಯಾವುವೂ ಇಲ್ಲ. ಟರ್ಮಿನಲ್ ಎಂಬ ಖಾಲಿ ಪರದೆಯಲ್ಲಿ ಒಂದು ಸಾಲಿನ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದರೆ ಗಣಕಯಂತ್ರವು ಅದನ್ನು ನೆರವೇರಿಸಿ ಉತ್ತರವನ್ನು ಪಠ್ಯರೂಪದಲ್ಲಿ ಕೊಡುತ್ತದೆ. ಇಂತಹ ಹಲವು ಆಜ್ಞೆಗಳನ್ನು ಒಂದು ಕಡತದಲ್ಲಿ ಕ್ರಮವಾಗಿ ಬರೆದಿಟ್ಟು, ಆ ಕಡತಕ್ಕೆ ಒಂದು ಹೆಸರಿಟ್ಟರೆ ಅದೇ ಒಂದು ಹೊಸ ಆಜ್ಞೆಯಾಗುತ್ತದೆ. ಹತ್ತಿಪ್ಪತ್ತು ಸಾಲುಗಳ ಇಂತಹ ಕಡತವನ್ನೇ ಈ ಲೇಖನದಲ್ಲಿ ಕಿರುಸಾಧನ ಎಂದು ಕರೆಯಲಾಗಿದೆ.

ಇದರ ಮೂಲ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದೆ. ಅಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಯೂನಿಕ್ಸ್ ವ್ಯವಸ್ಥೆಯ ರಚನೆಗೆ ತೊಡಗಿದರು. ಒಂದು ಕ್ರಮವಿಧಿಯ ಉತ್ತರವನ್ನು ಮತ್ತೊಂದಕ್ಕೆ ನೇರವಾಗಿ ಹಾಯಿಸಬೇಕು, ತೋಟದ ನೀರಿನ ಕೊಳವೆಗಳನ್ನು ಜೋಡಿಸಿದಂತೆ ಕ್ರಮವಿಧಿಗಳನ್ನು ಜೋಡಿಸುವಂತಿರಬೇಕು ಎಂಬ ವಿಚಾರವನ್ನು ಡಗ್ಲಸ್ ಮೆಕಿಲ್ರಾಯ್ 1964ರಲ್ಲಿಯೇ ಬರೆದಿಟ್ಟಿದ್ದರು. 1973ರಲ್ಲಿ ಅದು ಯೂನಿಕ್ಸ್‌ನಲ್ಲಿ ಸಾಕಾರವಾಯಿತು. ಒಂದು ಸಾಧನ ಒಂದೇ ಕೆಲಸವನ್ನು ಮಾಡಬೇಕು, ಆದರೆ ಅದನ್ನು ಚೆನ್ನಾಗಿ ಮಾಡಬೇಕು ಎಂಬ ತತ್ತ್ವ ಅಲ್ಲಿಂದ ಬಂದುದು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯು ಈ ಸಾಧನಗಳನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ರೀತಿಯಲ್ಲಿ ಹೊಸದಾಗಿ ಬರೆಯಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಬಿಡುಗಡೆ ಮಾಡಿದರು. ಇವೆರಡೂ ಕೂಡಿ ಇಂದಿನ ಲಿನಕ್ಸ್ ಆಗಿದೆ.

ಈ ಸಾಧನಗಳಿಗೆ ಪರವಾನಗಿ ಶುಲ್ಕವಿಲ್ಲ; ಹಳೆಯ ಯಂತ್ರದಲ್ಲಿಯೂ ಕೆಲಸ ಮಾಡುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ ಮೂಲೆಗೆ ಸೇರಿದ ಗಣಕಯಂತ್ರವೊಂದು ಕಚೇರಿಯಲ್ಲಿದ್ದರೆ ಅದನ್ನೇ ಇದಕ್ಕೆ ಉಪಯೋಗಿಸಬಹುದು. ವಿಂಡೋಸ್ ಬಿಡಲು ಇಷ್ಟವಿಲ್ಲದವರಿಗೆ, ಅದರೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಸೌಲಭ್ಯವು 2016ರಿಂದ ಲಭ್ಯವಿದೆ.

ಮೂಲ ಉಪಕರಣಗಳು

ವ್ಯಾಪಾರಿಯ ಕೆಲಸಕ್ಕೆ ಆರು ಆಜ್ಞೆಗಳ ಪರಿಚಯವಿದ್ದರೆ ಸಾಕು.

ಗ್ರೆಪ್: ಕಡತದಲ್ಲಿ ನಾವು ಹೇಳಿದ ಪದವಿರುವ ಸಾಲುಗಳನ್ನು ಮಾತ್ರ ಆರಿಸಿ ತೋರಿಸುತ್ತದೆ.

ಸಾರ್ಟ್: ಸಾಲುಗಳನ್ನು ಅಕ್ಷರಕ್ರಮದಲ್ಲಿ ಅಥವಾ ಸಂಖ್ಯಾಕ್ರಮದಲ್ಲಿ ಜೋಡಿಸುತ್ತದೆ.

ಯೂನಿಕ್: ಜೋಡಿಸಿದ ಪಟ್ಟಿಯಲ್ಲಿ ಎರಡೆರಡು ಬಾರಿ ಬಂದಿರುವ ಸಾಲುಗಳನ್ನು ಗುರುತಿಸುತ್ತದೆ.

ಕಾಮ್: ಜೋಡಿಸಿದ ಎರಡು ಪಟ್ಟಿಗಳನ್ನು ಹೋಲಿಸಿ, ಮೊದಲನೆಯದರಲ್ಲಿ ಮಾತ್ರ ಇರುವುದು, ಎರಡನೆಯದರಲ್ಲಿ ಮಾತ್ರ ಇರುವುದು, ಎರಡರಲ್ಲೂ ಇರುವುದು ಎಂದು ಮೂರು ಅಂಕಣಗಳನ್ನು ಮಾಡುತ್ತದೆ.

ಜಾಯಿನ್: ಎರಡು ಪಟ್ಟಿಗಳಲ್ಲಿ ಸಮಾನವಾದ ಗುರುತು ಹೊಂದಿರುವ ಸಾಲುಗಳನ್ನು ಒಂದಾಗಿ ಸೇರಿಸುತ್ತದೆ.

ಆಕ್: ಅಂಕಣಗಳನ್ನು ಆರಿಸುವುದು, ಕೂಡುವುದು, ಕಳೆಯುವುದು, ಷರತ್ತು ಹಾಕುವುದು ಇದರ ಕೆಲಸ. 1977ರಲ್ಲಿ ಇದನ್ನು ರಚಿಸಿದ ಆಹೋ, ವೈನ್‌ಬರ್ಗರ್ ಮತ್ತು ಕರ್ನಿಘನ್ ಅವರ ಹೆಸರುಗಳ ಮೊದಲ ಅಕ್ಷರಗಳಿಂದ ಈ ಹೆಸರು ಬಂದಿದೆ.

ಮೊದಲ ಪಾಠ: ಖರೀದಿ ವಹಿ ಮತ್ತು 2ಬಿ ತಾಳೆ

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಒಬ್ಬ ವರ್ತಕರ ಖರೀದಿ ವಹಿಯಲ್ಲಿ ಒಂದು ತಿಂಗಳಿಗೆ 420 ಬಿಲ್ಲುಗಳಿದ್ದು ಅವುಗಳ ತೆರಿಗೆ ರೂ. 9,40,000. ಅವರ 2ಬಿ ಪಟ್ಟಿಯಲ್ಲಿ 412 ಬಿಲ್ಲುಗಳಿದ್ದು ತೆರಿಗೆ ರೂ. 9,14,000. ಮೊತ್ತಗಳನ್ನಷ್ಟೇ ನೋಡಿದರೆ ವ್ಯತ್ಯಾಸ ರೂ. 26,000. ಎಂಟು ಬಿಲ್ಲುಗಳು ಬಂದಿಲ್ಲ, ಮುಂದಿನ ತಿಂಗಳು ಬರುತ್ತವೆ ಎಂದು ಸುಮ್ಮನಾಗುವುದು ಸುಲಭ.

ಈಗ ಕಿರುಸಾಧನವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ಬರೆಯೋಣ.

1. ಎರಡೂ ಪಟ್ಟಿಗಳಿಂದ ಮಾರಾಟಗಾರರ ಜಿಎಸ್‌ಟಿಐಎನ್, ಬಿಲ್ಲಿನ ಸಂಖ್ಯೆ, ತೆರಿಗೆ ಮೊತ್ತ ಎಂಬ ಮೂರು ಅಂಕಣಗಳನ್ನು ಸಾದಾ ಪಠ್ಯ ಕಡತಗಳಾಗಿ ತೆಗೆಯಬೇಕು.

2. ಆಕ್ ಆಜ್ಞೆಯಿಂದ ಜಿಎಸ್‌ಟಿಐಎನ್ ಮತ್ತು ಬಿಲ್ಲಿನ ಸಂಖ್ಯೆಯನ್ನು ಸೇರಿಸಿ ಪ್ರತಿ ಬಿಲ್ಲಿಗೂ ಒಂದು ಗುರುತನ್ನು ಮಾಡಬೇಕು. ಬಿಲ್ಲಿನ ಸಂಖ್ಯೆಯೊಂದೇ ಸಾಲದು. 45ನೇ ನಂಬರಿನ ಬಿಲ್ಲು ಹತ್ತು ಅಂಗಡಿಗಳಿಂದ ಬಂದಿರಬಹುದು. ಎರಡು ಆರ್ಥಿಕ ವರ್ಷಗಳ ಬಿಲ್ಲುಗಳು ಬೆರೆತಿದ್ದರೆ ವರ್ಷವನ್ನೂ ಸೇರಿಸಬೇಕು.

3. ಎರಡೂ ಕಡತಗಳನ್ನು ಸಾರ್ಟ್ ಆಜ್ಞೆಯಿಂದ ಒಂದೇ ನಿಯಮದಲ್ಲಿ ಜೋಡಿಸಬೇಕು.

4. ಯೂನಿಕ್ ಆಜ್ಞೆಯಿಂದ ನಮ್ಮ ವಹಿಯಲ್ಲಿ ಎರಡು ಬಾರಿ ನಮೂದಾದ ಬಿಲ್ಲುಗಳಿವೆಯೇ ಎಂದು ನೋಡಬೇಕು. ಒಂದೇ ಬಿಲ್ಲಿಗೆ ಎರಡು ಸಲ ಜಮೆ ಪಡೆದು ಬಳಸಿಕೊಂಡರೆ ಅದನ್ನು ಶೇ. 18ರ ಬಡ್ಡಿಯೊಡನೆ ಹಿಂದಿರುಗಿಸಬೇಕಾಗುತ್ತದೆ.

5. ಕಾಮ್ ಆಜ್ಞೆಯಿಂದ ಮೂರು ಪಟ್ಟಿಗಳನ್ನು ಪಡೆಯಬೇಕು.

6. ಎರಡರಲ್ಲೂ ಇರುವ ಬಿಲ್ಲುಗಳನ್ನು ಜಾಯಿನ್ ಮೂಲಕ ಒಂದುಗೂಡಿಸಿ, ತೆರಿಗೆ ಮೊತ್ತದಲ್ಲಿ ಒಂದು ರೂಪಾಯಿಗಿಂತ ಹೆಚ್ಚು ವ್ಯತ್ಯಾಸವಿರುವವನ್ನು ಆಕ್ ಮೂಲಕ ಆರಿಸಬೇಕು.

ನಮ್ಮ ಉದಾಹರಣೆಯಲ್ಲಿ ದೊರೆತ ಉತ್ತರ ಹೀಗಿದೆಯೆಂದು ಭಾವಿಸೋಣ. ಎರಡರಲ್ಲೂ ಇರುವ ಬಿಲ್ಲುಗಳು 391. ಅವುಗಳ ತೆರಿಗೆ ವಹಿಯ ಪ್ರಕಾರ ರೂ. 8,71,500, 2ಬಿ ಪ್ರಕಾರ ರೂ. 8,69,300. ಎಂಟು ಬಿಲ್ಲುಗಳ ಮೊತ್ತದಲ್ಲಿನ ಭೇದದಿಂದ ಈ ರೂ. 2,200ರ ವ್ಯತ್ಯಾಸ ಉಂಟಾಗಿದೆ. ವಹಿಯಲ್ಲಿ ಮಾತ್ರ ಇರುವ ಬಿಲ್ಲುಗಳು 29, ತೆರಿಗೆ ರೂ. 68,500. 2ಬಿಯಲ್ಲಿ ಮಾತ್ರ ಇರುವ ಬಿಲ್ಲುಗಳು 21, ತೆರಿಗೆ ರೂ. 44,700.

ರೂ. 26,000 ಎಂದು ಕಂಡ ವ್ಯತ್ಯಾಸದ ಹಿಂದೆ ರೂ. 68,500ರಷ್ಟು ಜಮೆ ಅನಿಶ್ಚಿತವಾಗಿ ನಿಂತಿದೆ. 2ಬಿಯಲ್ಲಿ ಮಾತ್ರ ಇರುವ 21 ಬಿಲ್ಲುಗಳು ಅದನ್ನು ಮರೆಮಾಡಿದ್ದವು. ಕೊರತೆಯೂ ಹೆಚ್ಚಳವೂ ಪರಸ್ಪರ ವಜಾ ಆಗಿ ಮೊತ್ತ ಸರಿಯಾಗಿರುವಂತೆ ತೋರುವುದು ಲೆಕ್ಕಪರಿಶೋಧಕರಿಗೆ ಹಳೆಯ ಅನುಭವ. ಮಾರಾಟಗಾರರಿಂದ ಬಿಲ್ಲನ್ನು ವಿವರಪಟ್ಟಿಗೆ ಸೇರಿಸಿಕೊಂಡು ಜಮೆ ಪಡೆಯಲು ಕಾಲಮಿತಿಯೂ ಇದೆ: ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದು. ಆನಂತರ ಆ ಹಣ ಖಾಯಂ ನಷ್ಟ.

ಬಿಲ್ಲಿನ ಸಂಖ್ಯೆಯ ತೊಡಕು

ಮೇಲಿನ 29 ಬಿಲ್ಲುಗಳಿಗೂ ಕೂಡಲೇ ಮಾರಾಟಗಾರರಿಗೆ ದೂರವಾಣಿ ಮಾಡುವುದು ಅವಸರವಾದೀತು. ಬಿಲ್ಲಿನ ಸಂಖ್ಯೆಯಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ, ಓರೆಗೆರೆ ಎಲ್ಲವೂ ಸೇರಿ 16ರವರೆಗೆ ಚಿಹ್ನೆಗಳಿರಲು ನಿಯಮ 46 ಅವಕಾಶ ಕೊಡುತ್ತದೆ. ಮಾರಾಟಗಾರರು ಓರೆಗೆರೆ ಹಾಕಿದ್ದನ್ನು ನಮ್ಮ ಗುಮಾಸ್ತರು ಅಡ್ಡಗೆರೆ ಎಂದು ನಮೂದಿಸಿರುತ್ತಾರೆ. 0045 ಎಂಬುದು 45 ಆಗಿರುತ್ತದೆ. ಮನುಷ್ಯನ ಕಣ್ಣಿಗೆ ಇವೆರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ.

ಆದುದರಿಂದ ಎರಡನೆಯ ಸುತ್ತಿನಲ್ಲಿ, ಹೊಂದದೆ ಉಳಿದ ಬಿಲ್ಲುಗಳ ಸಂಖ್ಯೆಗಳಿಂದ ಮಾತ್ರ ಗೆರೆಗಳನ್ನೂ ಮೊದಲಿನ ಸೊನ್ನೆಗಳನ್ನೂ ತೆಗೆದು, ಅಕ್ಷರಗಳನ್ನು ದೊಡ್ಡಕ್ಷರಗಳಾಗಿಸಿ ಮತ್ತೆ ಹೋಲಿಸಬೇಕು. ಹೀಗೆ ಮಾಡಿದಾಗ 12 ಬಿಲ್ಲುಗಳು ಹೊಂದಿದವೆಂದಾದರೆ, ವಹಿಯಲ್ಲಿ 17, 2ಬಿಯಲ್ಲಿ 9 ಉಳಿಯುತ್ತವೆ. ಈ 17 ಬಿಲ್ಲುಗಳೇ ನಾವು ನಿಜವಾಗಿ ವಿಚಾರಿಸಬೇಕಾದವು. ಉಳಿದ 9 ನಾವು ನಮೂದಿಸಲು ಮರೆತವೇ ಅಥವಾ ನಮಗೆ ಸಂಬಂಧವಿಲ್ಲದವೇ ಎಂದು ನೋಡಬೇಕು.

ಈ ಶುದ್ಧೀಕರಣವನ್ನು ಮೊದಲ ಸುತ್ತಿನಲ್ಲೇ ಮಾಡಬಾರದು. ಗೆರೆ ತೆಗೆದರೆ 12-3 ಮತ್ತು 1-23 ಎರಡೂ 123 ಆಗುತ್ತವೆ. ಎರಡು ಬೇರೆ ಬಿಲ್ಲುಗಳು ಒಂದೆಂದು ಎಣಿಕೆಯಾಗುತ್ತವೆ. ಎರಡನೆಯ ಸುತ್ತಿನಲ್ಲಿ ಹೊಂದಿದ ಬಿಲ್ಲುಗಳ ದಿನಾಂಕ ಮತ್ತು ಮೊತ್ತಗಳನ್ನು ಒಬ್ಬರು ಕಣ್ಣಾರೆ ನೋಡಿಯೇ ಒಪ್ಪಬೇಕು. ಯಂತ್ರವು 420 ಸಾಲುಗಳ ಕೆಲಸವನ್ನು 12 ಸಾಲುಗಳಿಗೆ ಇಳಿಸಿಕೊಟ್ಟಿದೆ. ತೀರ್ಮಾನ ನಮ್ಮದೇ ಆಗಿರಬೇಕು.

ಎರಡನೆಯ ಪಾಠ: ಜಿಎಸ್‌ಟಿಐಎನ್ ಪರೀಕ್ಷೆ

ಬಿಲ್ಲು 2ಬಿಯಲ್ಲಿ ಕಾಣದಿರಲು ಮತ್ತೊಂದು ಕಾರಣ, ಮಾರಾಟಗಾರರು ನಮ್ಮ ಜಿಎಸ್‌ಟಿಐಎನ್ ಅನ್ನು ತಪ್ಪಾಗಿ ಬರೆದಿರುವುದು. ಅದೇ ರೀತಿ ನಾವೂ ನಮ್ಮ ಗಿರಾಕಿಗಳ ಸಂಖ್ಯೆಯನ್ನು ತಪ್ಪಾಗಿ ಬರೆದುಕೊಂಡಿರಬಹುದು. ಈ ಸಂಖ್ಯೆಯಲ್ಲಿ 15 ಚಿಹ್ನೆಗಳಿವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. 13ನೆಯದು ಅದೇ ಪ್ಯಾನಿನಲ್ಲಿ ಆ ರಾಜ್ಯದೊಳಗೆ ಪಡೆದ ನೋಂದಣಿಯ ಕ್ರಮಾಂಕ. 14ನೆಯದು ಸಾಮಾನ್ಯವಾಗಿ ಜೆಡ್. ಕೊನೆಯದು ಪರೀಕ್ಷಾ ಚಿಹ್ನೆ. ಅದನ್ನು ಮೊದಲಿನ 14ರಿಂದ ಲೆಕ್ಕ ಹಾಕಿ ಪಡೆಯಬಹುದು.

ವಿಧಾನ ಸರಳವಾಗಿದೆ. ಅಂಕಿಗಳಿಗೆ ಅವುಗಳ ಬೆಲೆಯೇ. ಎ ಅಕ್ಷರಕ್ಕೆ 10, ಬಿ ಅಕ್ಷರಕ್ಕೆ 11, ಹೀಗೆ ಜೆಡ್‌ಗೆ 35. ಎಡದಿಂದ ಮೊದಲ ಚಿಹ್ನೆಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು ಮತ್ತೆ 1ರಿಂದ, ಹೀಗೆ ಸರದಿಯಂತೆ ಗುಣಿಸಬೇಕು. ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ ಭಾಗಲಬ್ಧ ಮತ್ತು ಶೇಷವನ್ನು ಕೂಡಬೇಕು. ಉದಾಹರಣೆಗೆ 14ನೇ ಸ್ಥಾನದ ಜೆಡ್: 35ನ್ನು 2ರಿಂದ ಗುಣಿಸಿದರೆ 70, 36ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 34, ಕೂಡಿದರೆ 35. ಹದಿನಾಲ್ಕನ್ನೂ ಹೀಗೆ ಲೆಕ್ಕಿಸಿ ಒಟ್ಟು ಮಾಡಿ, ಆ ಮೊತ್ತವನ್ನು 36ರಿಂದ ಭಾಗಿಸಿದ ಶೇಷವನ್ನು 36ರಿಂದ ಕಳೆಯಬೇಕು. ಮೊತ್ತ 221 ಆದರೆ ಶೇಷ 5. 36ರಿಂದ ಕಳೆದರೆ 31. 31ರ ಬೆಲೆಯ ಅಕ್ಷರ ವಿ. ಅದೇ 15ನೇ ಚಿಹ್ನೆಯಾಗಿರಬೇಕು. ಶೇಷ ಸೊನ್ನೆಯಾದರೆ ಪರೀಕ್ಷಾ ಚಿಹ್ನೆಯೂ ಸೊನ್ನೆ.

ಆಕ್ ಭಾಷೆಯಲ್ಲಿ ಇದಕ್ಕೆ ಇಪ್ಪತ್ತು ಸಾಲುಗಳು ಸಾಕು. ಗಿರಾಕಿಗಳ ಇಡೀ ಪಟ್ಟಿಯನ್ನು ಇದರ ಮುಂದಿಟ್ಟರೆ ತಪ್ಪು ಸಂಖ್ಯೆಗಳು ಕ್ಷಣದಲ್ಲಿ ಹೊರಬೀಳುತ್ತವೆ. ಯಾವುದೇ ಒಂದು ಚಿಹ್ನೆ ಮಾತ್ರ ತಪ್ಪಾಗಿದ್ದರೆ ಈ ಪರೀಕ್ಷೆಯಿಂದ ಅದು ತಪ್ಪಿಸಿಕೊಳ್ಳಲಾರದು. ಆದರೆ ಸಂಖ್ಯೆ ಸರಿಯಾಗಿ ರಚಿತವಾಗಿದೆ ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ನೋಂದಣಿ ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ ಎಂಬುದನ್ನು ಇಲಾಖೆಯ ಜಾಲತಾಣದಲ್ಲಿಯೇ ನೋಡಬೇಕು.

ಲೆಕ್ಕಪತ್ರ ಬರೆಯುವ ಕಿರುಸಾಧನ

ಹವ್ಯಾಸಿಗಳು ತಾಳೆ ಸಾಧನಗಳಿಗೆ ನಿಲ್ಲದೆ ಲೆಕ್ಕಪುಸ್ತಕವನ್ನೇ ಈ ರೀತಿ ಬರೆದಿದ್ದಾರೆ. ಜಾನ್ ವೀಗ್ಲಿ 2003ರಲ್ಲಿ ಬಿಡುಗಡೆ ಮಾಡಿದ ಲೆಡ್ಜರ್ ಎಂಬ ಸಾಧನವು ಜಮಾ ಖರ್ಚನ್ನು ಸಾದಾ ಪಠ್ಯ ಕಡತದಿಂದ ಓದಿ ಖಾತೆಗಳ ಶಿಲ್ಕನ್ನು ತೋರಿಸುತ್ತದೆ. ಪ್ರತಿ ನಮೂದಿನ ಎಲ್ಲ ಮೊತ್ತಗಳ ಕೂಡಿಕೆ ಸೊನ್ನೆಯಾಗದಿದ್ದರೆ ಅದು ನಮೂದನ್ನು ಒಪ್ಪುವುದಿಲ್ಲ. ದ್ವಿಪದ್ಧತಿಯ ನಿಯಮವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಮನೆಯ ಖರ್ಚು ಅಥವಾ ಸಣ್ಣ ಸಂಘದ ಲೆಕ್ಕಕ್ಕೆ ಇದು ಸೊಗಸಾಗಿದೆ. ಆದರೆ ನೋಂದಾಯಿತ ಕಂಪನಿಗಳು ಇದನ್ನೇ ಶಾಸನಬದ್ಧ ಲೆಕ್ಕಪುಸ್ತಕವಾಗಿ ಇಡಲು ಹೋಗಬಾರದು. ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ, ನಿಲ್ಲಿಸಲಾಗದ ವ್ಯವಸ್ಥೆಯುಳ್ಳ ತಂತ್ರಾಂಶವನ್ನೇ ಅವು ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾದಾ ಪಠ್ಯ ಕಡತವನ್ನು ಯಾರು ಬೇಕಾದರೂ ಸದ್ದಿಲ್ಲದೆ ತಿದ್ದಬಹುದು. ಕಿರುಸಾಧನದ ಯೋಗ್ಯ ಸ್ಥಾನ ಲೆಕ್ಕಪುಸ್ತಕದ ಪಕ್ಕದಲ್ಲಿ, ಅದನ್ನು ಪರೀಕ್ಷಿಸುವ ಕೆಲಸದಲ್ಲಿ.

ಎಲ್ಲಿ ಎಡವುತ್ತಾರೆ?

1. ಕಾಮ್ ಮತ್ತು ಜಾಯಿನ್ ಆಜ್ಞೆಗಳಿಗೆ ಎರಡೂ ಪಟ್ಟಿಗಳು ಒಂದೇ ಕ್ರಮದಲ್ಲಿರಬೇಕು. ಒಂದನ್ನು ಸಂಖ್ಯಾಕ್ರಮದಲ್ಲಿ, ಮತ್ತೊಂದನ್ನು ಅಕ್ಷರಕ್ರಮದಲ್ಲಿ ಜೋಡಿಸಿದ್ದರೆ ಹೊಂದುವ ಬಿಲ್ಲುಗಳೂ ಹೊಂದದವೆಂದು ತೋರುತ್ತವೆ. ಅಕ್ಷರಕ್ರಮದಲ್ಲಿ 10 ಎಂಬುದು 9ಕ್ಕಿಂತ ಮೊದಲು ಬರುತ್ತದೆ ಎಂಬುದು ನೆನಪಿರಲಿ.

2. ಪಠ್ಯ ಕಡತವನ್ನು ಎಕ್ಸೆಲ್‌ನಲ್ಲಿ ಹಾಗೆಯೇ ತೆರೆದು ಉಳಿಸಿದರೆ ಮೊದಲಿನ ಸೊನ್ನೆಗಳು ಮಾಯವಾಗುತ್ತವೆ. ಅಡಿಕೆಯ 0802, ಕಾಫಿಯ 0901, ಕಾಳುಮೆಣಸಿನ 0904 ಎಂಬ ಎಚ್‌ಎಸ್‌ಎನ್ ಸಂಕೇತಗಳು 802, 901, 904 ಆಗಿಬಿಡುತ್ತವೆ. ಮಲೆನಾಡಿನ ವರ್ತಕರಿಗೆ ಇದು ವಿಶೇಷವಾಗಿ ಅನ್ವಯಿಸುವ ಮಾತು.

3. ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಕಡತದಲ್ಲಿ, ಅಂಗಡಿಯ ಹೆಸರಿನೊಳಗೂ ಊರಿನ ಮುಂಚೆ ಅಲ್ಪವಿರಾಮವಿದ್ದರೆ ಅಂಕಣಗಳು ಒಂದು ಸ್ಥಾನ ಸರಿದು, ತೆರಿಗೆಯ ಜಾಗದಲ್ಲಿ ಬೇರೇನೋ ಕೂಡಿಕೆಯಾಗುತ್ತದೆ. ಟ್ಯಾಬ್ ಚಿಹ್ನೆಯಿಂದ ಬೇರ್ಪಡಿಸುವುದು ಕ್ಷೇಮ.

4. ಒಂದು ಕಡತವನ್ನು ಜೋಡಿಸಿ ಉತ್ತರವನ್ನು ಅದೇ ಹೆಸರಿನ ಕಡತಕ್ಕೆ ಹಾಯಿಸಿದರೆ, ಯಂತ್ರವು ಮೊದಲು ಆ ಕಡತವನ್ನು ಬರಿದು ಮಾಡಿ ಆಮೇಲೆ ಓದಲು ತೊಡಗುತ್ತದೆ. ಮೂಲ ಮಾಹಿತಿ ನಾಶವಾಗುತ್ತದೆ. ಆರ್‌ಎಂ ಆಜ್ಞೆಯಿಂದ ಅಳಿಸಿದ ಕಡತವೂ ಕಸದ ಬುಟ್ಟಿಗೆ ಹೋಗದೆ ನೇರವಾಗಿ ಹೋಗಿಬಿಡುತ್ತದೆ.

ಈ ನಾಲ್ಕರಲ್ಲಿ ಬಹುಪಾಲು ಸಂದರ್ಭಗಳಲ್ಲಿ ಯಂತ್ರವು ತಪ್ಪಾಗಿದೆ ಎಂದು ಕೂಗಿ ಹೇಳುವುದಿಲ್ಲ. ತಪ್ಪು ಉತ್ತರವನ್ನು ಸರಿಯಾದ ಉತ್ತರದಷ್ಟೇ ಅಚ್ಚುಕಟ್ಟಾಗಿ ಕೊಡುತ್ತದೆ. ಆದುದರಿಂದ ಮುಂದಿನ ಭಾಗ ಅತ್ಯಂತ ಮುಖ್ಯವಾದುದು.

ಆಂತರಿಕ ನಿಯಂತ್ರಣ

ನಗದು ಪುಸ್ತಕಕ್ಕೆ ಯಾವ ಶಿಸ್ತು ಇದೆಯೋ ಅದೇ ಶಿಸ್ತು ಕಿರುಸಾಧನಕ್ಕೂ ಬೇಕು.

ಅ) ಮೂಲ ಪಟ್ಟಿಗಳನ್ನು ಬೇರೆ ಸ್ಥಳದಲ್ಲಿ, ಓದಲು ಮಾತ್ರ ಅನುಮತಿಯಿರುವಂತೆ ಇಡಬೇಕು. ಸಾಧನವು ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು.

ಆ) ಪ್ರತಿ ಬಾರಿಯೂ ಸಾಧನವು ತನ್ನ ಉತ್ತರದ ಕೊನೆಯಲ್ಲಿ ಸಂಖ್ಯೆ ಮತ್ತು ಮೊತ್ತಗಳ ತಾಳೆಯನ್ನು ತೋರಿಸಬೇಕು. ನಮ್ಮ ಉದಾಹರಣೆಯಲ್ಲಿ 391 ಮತ್ತು 29 ಕೂಡಿ 420. 391 ಮತ್ತು 21 ಕೂಡಿ 412. ರೂ. 68,500ರಲ್ಲಿ ರೂ. 44,700 ಕಳೆದು ರೂ. 2,200 ಕೂಡಿಸಿದರೆ ರೂ. 26,000. ಈ ತಾಳೆ ಬರದಿದ್ದರೆ ಉತ್ತರವನ್ನು ನೋಡುವ ಅಗತ್ಯವೇ ಇಲ್ಲ.

ಇ) ಹತ್ತು ಸಾಲುಗಳ ಪರೀಕ್ಷಾ ಪಟ್ಟಿಯೊಂದನ್ನು ಇಟ್ಟುಕೊಳ್ಳಬೇಕು. ಅದರಲ್ಲಿ ಬೇಕೆಂದೇ ಒಂದು ಜೋಡಿ ನಮೂದು, ಒಂದು ಮೊತ್ತದ ಭೇದ, ಒಂದು ಕಾಣೆಯಾದ ಬಿಲ್ಲು, ಒಂದು ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಇರಲಿ. ಸಾಧನವನ್ನು ತಿದ್ದಿದಾಗಲೆಲ್ಲ ಈ ನಾಲ್ಕನ್ನೂ ಹಿಡಿಯುತ್ತದೆಯೇ ಎಂದು ನೋಡಬೇಕು.

ಈ) ಮೊದಲ ಮೂರು ತಿಂಗಳು ಹಳೆಯ ಪದ್ಧತಿಯನ್ನೂ ಜೊತೆಗೆ ನಡೆಸಿ, ಎರಡೂ ಉತ್ತರಗಳು ಒಂದೇ ಆಗಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಉ) ಸಾಧನ ಏನು ಮಾಡುತ್ತದೆ, ಯಾವ ಕಡತವನ್ನು ಓದುತ್ತದೆ, ಎಂದು ಯಾರು ತಿದ್ದಿದರು ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲಿಯೇ ಬರೆದು ಕಡತದ ಜೊತೆ ಇಡಬೇಕು.

ಊ) ಅದನ್ನು ನಡೆಸಲು ಕನಿಷ್ಠ ಇಬ್ಬರಿಗೆ ತಿಳಿದಿರಬೇಕು.

ಕೊನೆಯ ಎರಡನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಬಿಸಿಎ ಓದುವ ಮಗಳೋ, ಗಣಕಯಂತ್ರದ ಹುಚ್ಚಿರುವ ಗುಮಾಸ್ತನೋ ಮಾಡಿಕೊಟ್ಟ ಸಾಧನ ಎರಡು ವರ್ಷ ಸೊಗಸಾಗಿ ನಡೆಯುತ್ತದೆ. ಆನಂತರ ಮಗಳು ಕೆಲಸಕ್ಕೆಂದು ಬೇರೆ ಊರಿಗೆ ಹೋಗುತ್ತಾಳೆ, ಗುಮಾಸ್ತ ಬೇರೆ ಕಡೆ ಸೇರುತ್ತಾನೆ. ಇಲಾಖೆಯು 2ಬಿ ಪಟ್ಟಿಯಲ್ಲಿ ಒಂದು ಅಂಕಣವನ್ನು ಹೆಚ್ಚಿಸಿದ ದಿನ ಸಾಧನ ಮೂಕವಾಗುತ್ತದೆ. ವಹಿಯ ಬರವಣಿಗೆ ಒಬ್ಬನಿಗೇ ಅರ್ಥವಾಗುವ ಅಂಗಡಿಯಲ್ಲಿ ಲೆಕ್ಕ ಅಂಗಡಿಯದಲ್ಲ, ಆ ಒಬ್ಬನದು. ಸಾಧನದ ವಿಷಯದಲ್ಲೂ ಇದೇ ಮಾತು.

ಉಪಸಂಹಾರ

ಕಿರುಸಾಧನಗಳು ಉಚಿತವೆಂಬುದು ಅವುಗಳ ದೊಡ್ಡ ಗುಣವಲ್ಲ. ಅವು ಮಾಡುವ ಪ್ರತಿ ಹೆಜ್ಜೆಯನ್ನೂ ತೆರೆದು ಓದಬಹುದು, ತಾಳೆ ನೋಡಬಹುದು ಎಂಬುದೇ ದೊಡ್ಡ ಗುಣ. ಮಾಹಿತಿಯೂ ನಮ್ಮ ಯಂತ್ರದೊಳಗೇ ಉಳಿಯುತ್ತದೆ. ಗಿರಾಕಿಗಳ ಮತ್ತು ದರಗಳ ವಿವರವನ್ನು ಅಪರಿಚಿತ ತಾಣಕ್ಕೆ ಏರಿಸುವ ಅಗತ್ಯವಿಲ್ಲ. ತೆರಿಗೆ ದಾಖಲೆಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕಾಗಿರುವಾಗ, ಯಾವ ತಂತ್ರಾಂಶವಿಲ್ಲದೆಯೂ ಓದಬಹುದಾದ ಪಠ್ಯ ಕಡತ ಆರು ವರ್ಷಗಳ ನಂತರವೂ ಉಪಯೋಗಕ್ಕೆ ಬರುತ್ತದೆ.

ಸದಸ್ಯ ಬಾಂಧವರು ದೊಡ್ಡ ಯೋಜನೆಗೆ ಕೈಹಾಕದೆ ಒಂದೇ ಸಾಧನದಿಂದ ಆರಂಭಿಸುವುದು ಉಚಿತ. ಕಳೆದ ತಿಂಗಳ ಖರೀದಿ ವಹಿ ಮತ್ತು 2ಬಿ ಪಟ್ಟಿಯನ್ನು ತೆಗೆದುಕೊಂಡು, ಮೇಲೆ ಹೇಳಿದ ಆರು ಹಂತಗಳನ್ನು ಕೈಯಿಂದಲೇ ಒಂದೊಂದಾಗಿ ಟೈಪು ಮಾಡಿ ನೋಡಲಿ. ಪ್ರತಿ ಹಂತದ ಉತ್ತರ ಅರ್ಥವಾದ ಮೇಲೆ ಅವನ್ನು ಒಂದು ಕಡತಕ್ಕೆ ಸೇರಿಸಲಿ. ವಹಿಯಲ್ಲಿ ಮಾತ್ರ ಉಳಿದ ಬಿಲ್ಲುಗಳ ಪಟ್ಟಿ ಕೈಗೆ ಬಂದ ದಿನವೇ ಮಾರಾಟಗಾರರಿಗೆ ಬರೆಯಲಿ. ಯಂತ್ರ ತೋರಿಸಿದ ಬಾಕಿಯನ್ನು ವಸೂಲು ಮಾಡುವ ಕೆಲಸ ಇಂದಿಗೂ ವರ್ತಕನದೇ.